ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಹೆಣ್ಣಿಗೆ ಹೆಣ್ಣು ಒಲಿದದ್ದನ್ನು ಓದುವ ಬಗೆ

ಪುಸ್ತಕಗಳನ್ನು ಮೇ ತಿಂಗಳು ಮುಗಿಯುವುದರೊಳಗೆ ಜಾಲದಿಂದ ಇಳಿಸಿಟ್ಟುಕೊಳ್ಳಿ. ಕೊಡಗಿನಲ್ಲಿ ಮಳೆ ಹಿಡಿದ ಮೇಲೆ ಕರೆಂಟನ್ನು ನೆಚ್ಚಿಕೊಂಡು ಯಾವ ಕೆಲಸವನ್ನೂ ಹೂಡುವಂತಿಲ್ಲ; ತಂತಿಯ ಮೇಲೆ ಒಂದು ಸಿಲ್ವರ್ ಓಕ್ ಒರಗಿದರೆ ಊರಿಗೆ ಊರೇ ಕತ್ತಲು, ಅದರ ಹಿಂದೆಯೇ ಮೊಬೈಲ್ ಟವರ್ ಕೂಡ ಮಲಗುತ್ತದೆ. ಇಲ್ಲಿ ಹೇಳುವ ಕಾದಂಬರಿಗಳೆಲ್ಲ ಇನ್ನೂರು ವರ್ಷಕ್ಕಿಂತ ಹಳೆಯವು. ಹಕ್ಕುಸ್ವಾಮ್ಯದ ತಕರಾರಿಲ್ಲ, ಗುಟೆನ್‌ಬರ್ಗ್ ಜಾಲತಾಣದಲ್ಲಿ ಹೆಚ್ಚಿನವು ಉಚಿತವಾಗಿ ಸಿಗುತ್ತವೆ. ಮೂಲ ಮುದ್ರಣದ ಸ್ಕ್ಯಾನ್ ಪ್ರತಿಗಳ ಮೋಹ ಬೇಡ. ಆ ಕಾಲದ ಅಚ್ಚಿನಲ್ಲಿ ‘ಎಸ್’ ಅಕ್ಷರ ‘ಎಫ್’ನಂತೆ ಕಾಣುತ್ತದೆ, ಹತ್ತು ಪುಟ ದಾಟುವಷ್ಟರಲ್ಲಿ ತಲೆನೋವು ಬರುತ್ತದೆ. ಸಣ್ಣ ಪುಸ್ತಕಗಳನ್ನು ಗೋಣಿಕೊಪ್ಪದಲ್ಲಿ ಜೆರಾಕ್ಸ್ ಅಂಗಡಿಯವರಿಗೆ ಕೊಟ್ಟು ಮುದ್ರಿಸಿಕೊಳ್ಳಬಹುದು. ಆದರೆ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟ್‌ನ ಜಡಿಮಳೆಯಲ್ಲಿ, ಕಾಗದ ಬೂಷ್ಟು ಹಿಡಿಯುತ್ತದೆ. ಓದದ ದಿನಗಳಲ್ಲಿ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡಿ.

ನಾನು ಪದವಿ ತರಗತಿಗಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಈಗ ಪೊನ್ನಂಪೇಟೆಯ ಕಡೆ ಒಂದಿಷ್ಟು ರೊಬಸ್ಟಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಕಾಳುಮೆಣಸು ನೋಡಿಕೊಂಡಿದ್ದೇನೆ. ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ, ಶನಿವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಕೆಲವು ಹೆಂಗಸರು ಓದಲು ಸೇರುತ್ತೇವೆ. ಒಬ್ಬರು ನರ್ಸ್, ಒಬ್ಬರು ಪಕ್ಕದ ತೋಟದ ಲೆಕ್ಕ ಬರೆಯುವ ರೈಟರ್‌ ಹೆಂಡತಿ, ಒಬ್ಬಳು ಬಿ.ಎ. ಓದುವ ಹುಡುಗಿ, ಮತ್ತೊಬ್ಬರು ಗಂಡ ತೀರಿಕೊಂಡ ಮೇಲೆ ಮೈದುನಂದಿರ ಜೊತೆ ಆಸ್ತಿಯ ವ್ಯಾಜ್ಯ ನಡೆಸುತ್ತಿರುವ ನನ್ನ ಹಳೆಯ ಗೆಳತಿ. “ಟೀಚರ್, ಆ ಕಾಲದ ಕಾದಂಬರಿಗಳಲ್ಲಿ ಹೆಣ್ಣನ್ನು ಪ್ರೀತಿಸಿದ ಹೆಣ್ಣು ಯಾರೂ ಇಲ್ಲವೇ?” ಎಂದು ಕೇಳಿದವಳು ಆ ಹುಡುಗಿ. ಇದ್ದಾರೆ, ಧಾರಾಳವಾಗಿ ಇದ್ದಾರೆ. ಅವರನ್ನು ಕಾಣಲು ಸ್ವಲ್ಪ ಅಭ್ಯಾಸ ಬೇಕು. ಆ ಅಭ್ಯಾಸಕ್ಕೆ ಅತ್ಯಂತ ಉಪಯುಕ್ತವಾದ ಪ್ರಶ್ನೆಯನ್ನು ಕೊಟ್ಟವರು ಸಾಹಿತ್ಯ ಓದದ ಆ ಗೆಳತಿ. ಹದಿನೆಂಟನೆಯ ಶತಮಾನದ ಕಾದಂಬರಿಕಾರ ಸ್ಯಾಮ್ಯುಯೆಲ್ ರಿಚರ್ಡ್‌ಸನ್ನನ ‘ಕ್ಲಾರಿಸಾ’ ಶುರುವಾದ ಸ್ವಲ್ಪ ಹೊತ್ತಿಗೇ ಅವರು ಕನ್ನಡಕ ತೆಗೆದು ಕೇಳಿದರು: “ಅದೆಲ್ಲ ಇರಲಿ, ಪಹಣಿ ಯಾರ ಹೆಸರಿನಲ್ಲಿದೆ?”

ಈ ಪ್ರಶ್ನೆಯನ್ನೇ ಹಿಡಿದು ಓದಿ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಸ್ವತ್ತು ಸಾಮಾನ್ಯವಾಗಿ ಗಂಡನ ಕೈಗೆ ಹೋಗುತ್ತಿತ್ತು. ಅದನ್ನು ಬದಲಾಯಿಸಿದ ಕಾನೂನುಗಳು ಬಂದದ್ದು 1870 ಮತ್ತು 1882ರಲ್ಲಿ. ಆದ್ದರಿಂದ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಎಷ್ಟೇ ಬಯಸಲಿ, ಅವರ ಕಥೆ ಯಾವ ದಿಕ್ಕಿಗೆ ಹೊರಳುತ್ತದೆ ಎಂಬುದನ್ನು ತೀರ್ಮಾನಿಸುವುದು ಮನೆ ಯಾರದು, ವರಮಾನ ಯಾರದು ಎಂಬ ಲೆಕ್ಕ. ಸ್ವಂತ ಸೂರು ಇದ್ದರೆ ಕಾದಂಬರಿ ಅವರನ್ನು ಜೊತೆಯಲ್ಲಿ ಬಾಳಲು ಬಿಡುತ್ತದೆ. ಇಲ್ಲದಿದ್ದರೆ ಒಬ್ಬಳಿಗೆ ಕ್ಷಯವೋ ಮದುವೆಯೋ ಗಂಟುಬೀಳುತ್ತದೆ.

ಎರಡು ಬಗೆಯ ಆತುರ ಬಿಡಿ. “ಅಯ್ಯೋ, ಆ ಕಾಲದಲ್ಲಿ ಗೆಳತಿಯರು ಹಾಗೆಯೇ ಬರೆದುಕೊಳ್ಳುತ್ತಿದ್ದರು” ಎಂದು ಎಲ್ಲವನ್ನೂ ತಣ್ಣಗೆ ಮಾಡುವ ಆತುರ ಒಂದು. ಹಳೆಯ ವಿಮರ್ಶಕರಲ್ಲಿ ಇದು ಹೆಚ್ಚು. ಎರಡು ಹೆಣ್ಣುಗಳು ಕೈ ಹಿಡಿದ ಕೂಡಲೇ ಇಂದಿನ ಹೆಸರಿನ ಚೀಟಿ ಅಂಟಿಸುವುದು ಇನ್ನೊಂದು. ಇದು ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚು. ಮೊದಲನೆಯದನ್ನೇ ನಾನು ಹೆಚ್ಚು ದೂರುತ್ತೇನೆ, ಏಕೆಂದರೆ ಗಂಡು ಹೆಣ್ಣಿನ ನಡುವೆ ಇದರ ಕಾಲುಭಾಗದ ಸಲುಗೆ ಕಂಡರೂ ಅದೇ ವಿಮರ್ಶಕರು ಯಾವ ಪುರಾವೆಯನ್ನೂ ಕೇಳದೆ ಪ್ರೇಮ ಎಂದು ಬರೆದುಬಿಡುತ್ತಾರೆ.

ಹಾಗೆಂದು ಹಾಸಿಗೆಯನ್ನು ಪುರಾವೆ ಎಂದುಕೊಳ್ಳಬೇಡಿ. ಈ ಕಾದಂಬರಿಗಳಲ್ಲಿ ಹೆಂಗಸರು ಒಂದೇ ಮಂಚದಲ್ಲಿ ಮಲಗುವುದು ಪುಟಪುಟಕ್ಕೂ ಬರುತ್ತದೆ. ಚಳಿಯ ದೇಶ, ಕೋಣೆ ಕಡಿಮೆ, ಕೆಲಸದವಳೂ ಯಜಮಾನಿಯೂ ಒಂದೇ ಹೊದಿಕೆಯೊಳಗೆ. ಕುಟುಂಬದ ಮೂಲಮನೆಯಾದ ಐನ್‌ಮನೆಯ ಮದುವೆಗಳಲ್ಲಿ ಒಂದೇ ಚಾಪೆಯ ಸಾಲಿನಲ್ಲಿ ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳೆಲ್ಲ ಮಲಗಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಚಕ್ಕಿಂತ ಹೆಚ್ಚಾಗಿ, ಬೇರೆ ಮಾಡಿದಾಗ ಯಾರು ಏನು ಮಾಡುತ್ತಾರೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಅವರನ್ನು ಬೇರೆ ಮಾಡಲು ಕಾದಂಬರಿಯಲ್ಲಿ ಯಾರು ಮುಂದಾಗುತ್ತಾರೆ, ಏನು ಹೇಳಿ ಬೇರೆ ಮಾಡುತ್ತಾರೆ ಎಂಬುದನ್ನು ಅದಕ್ಕಿಂತ ದಪ್ಪ ಅಕ್ಷರದಲ್ಲಿ.

ಆರಂಭಕ್ಕೆ ಸಾರಾ ಸ್ಕಾಟ್ 1762ರಲ್ಲಿ ತನ್ನ ಹೆಸರು ಹಾಕದೆ ಪ್ರಕಟಿಸಿದ ‘ಮಿಲೆನಿಯಂ ಹಾಲ್’ ಒಳ್ಳೆಯದು. ಚಿಕ್ಕ ಪುಸ್ತಕ, ಭಾಷೆಯೂ ಕೈಗೆ ಸಿಗುತ್ತದೆ. ಪ್ರಯಾಣದಲ್ಲಿ ಗಾಡಿ ಕೆಟ್ಟು ನಿಂತ ಒಬ್ಬ ಗಂಡಸು ಹೆಂಗಸರೇ ನಡೆಸುವ ಒಂದು ದೊಡ್ಡ ಮನೆಗೆ ಬಂದು, ಅಲ್ಲಿಯವರ ಪೂರ್ವಕಥೆಗಳನ್ನು ಕೇಳಿ ಬರೆದಂತೆ ಕಾದಂಬರಿ ಇದೆ. ಅಲ್ಲಿ ಉಪದೇಶ ಬಹಳ. ತೋಟಗಾರಿಕೆ, ಶಾಲೆ, ರತ್ನಗಂಬಳಿ ನೇಯುವ ಕಾರ್ಖಾನೆ, ಎಲ್ಲದರ ವರದಿ ಬರುತ್ತದೆ. ನಮ್ಮ ನರ್ಸ್ ಅಕ್ಕನವರಿಗೆ ಅದೇ ಇಷ್ಟವಾಯಿತು, ನನಗೆ ಆಕಳಿಕೆ ಬಂದಿತು. ನೀವು ನೇರವಾಗಿ ಮಿಸ್ ಮ್ಯಾನ್ಸೆಲ್ ಮತ್ತು ಮಿಸೆಸ್ ಮೋರ್ಗನ್ ಅವರ ಕಥೆಗೆ ಹೋಗಿ. ಇಬ್ಬರೂ ಒಂದೇ ಶಾಲೆಯಲ್ಲಿ ಬೆಳೆದವರು. ಹಿರಿಯಳಾದ ಮಿಸ್ ಮೆಲ್ವಿನ್ ತಬ್ಬಲಿ ಹುಡುಗಿ ಲೂಯಿಸಾ ಮ್ಯಾನ್ಸೆಲ್‌ಳನ್ನು ಕಣ್ಣಿನ ರೆಪ್ಪೆಯಂತೆ ಸಾಕುತ್ತಾಳೆ. ಮಲತಾಯಿ ಒಂದು ಸುಳ್ಳು ಅಪವಾದ ಕಟ್ಟಿ, ಮಿಸ್ ಮೆಲ್ವಿನ್‌ಳನ್ನು ವಯಸ್ಸಾದ ಹಣವಂತ ಮೋರ್ಗನ್ನನಿಗೆ ಮದುವೆ ಮಾಡುತ್ತಾಳೆ. ಮದುವೆಯಾದ ಮೇಲೆ ಗೆಳತಿ ಮನೆಗೆ ಬರುವ ಮಾತು ಎದ್ದಾಗ ಮೋರ್ಗನ್ ಹೇಳುವುದನ್ನು ಎರಡು ಸಲ ಓದಿ. ಮನೆಗೆ ಜನ ಬಂದು ಹೋಗುವುದಕ್ಕೆ ತನ್ನ ಅಡ್ಡಿ ಇಲ್ಲ, ಆದರೆ ಹೆಂಡತಿಗೆ ಗಂಡನನ್ನು ಬಿಟ್ಟು ಬೇರೆ ಆಪ್ತರು ಇರಕೂಡದು. ತನ್ನ ತಪ್ಪುಗಳನ್ನು ಇಬ್ಬರು ಗೆಳತಿಯರು ಕೂತು ಆಡಿಕೊಳ್ಳುವುದು ತನಗೆ ಬೇಡ.

ಆತನಿಗೆ ಯಾವ ಸಿದ್ಧಾಂತವೂ ಗೊತ್ತಿಲ್ಲ. ಆದರೂ ಮನೆಯಲ್ಲಿ ತನಗೆ ಎದುರಾಳಿ ಯಾರು ಎಂದು ಆತನಿಗೆ ಸರಿಯಾಗಿ ಗೊತ್ತಾಗಿದೆ. ಮುಂದೆ ಲೂಯಿಸಾಳಿಗೆ ಕಳೆದುಹೋಗಿದ್ದ ತಾಯಿ ಸಿಗುತ್ತಾಳೆ, ತಾಯಿಯಿಂದ ಆಸ್ತಿ ಬರುತ್ತದೆ. ಮೋರ್ಗನ್ ಸಾಯುತ್ತಾನೆ, ಹೆಂಡತಿ ಅವನನ್ನು ಕೊನೆಯವರೆಗೂ ಚೆನ್ನಾಗಿಯೇ ನೋಡಿಕೊಂಡಿರುತ್ತಾಳೆ. ಎರಡೂ ಕಡೆಯ ಹಣ ಸೇರಿಸಿ ಇಬ್ಬರೂ ಒಂದು ಮನೆ ಹಿಡಿಯುತ್ತಾರೆ. ಲೂಯಿಸಾ ಅದಕ್ಕೂ ಮೊದಲು ಸರ್ ಎಡ್ವರ್ಡ್ ಎಂಬ ಯುವಕನನ್ನು ಪ್ರೀತಿಸಿದ್ದಳು, ಅವನು ಯುದ್ಧದಲ್ಲಿ ಸತ್ತ ಎಂಬುದನ್ನೂ ನಿಮ್ಮ ಟಿಪ್ಪಣಿಯಲ್ಲಿ ಬರೆದುಕೊಳ್ಳಿ. ಬೇಕಾದದ್ದನ್ನು ಇಟ್ಟುಕೊಂಡು ಬೇಡದ್ದನ್ನು ಮುಚ್ಚುವುದು ಓದಿನಲ್ಲಿ ನಡೆಯದು. ಲೇಖಕಿಯ ಬದುಕನ್ನೂ ಒಂದು ಸಾಲು ಬರೆದಿಟ್ಟುಕೊಳ್ಳಿ: ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ ಗಂಡನಿಂದ ಬೇರೆಯಾಗಿ, ಬಾತ್ ಪಟ್ಟಣದಲ್ಲೂ ಅದರ ಆಸುಪಾಸಿನಲ್ಲೂ ಲೇಡಿ ಬಾರ್ಬರಾ ಮಾಂಟಗು ಎಂಬ ಗೆಳತಿಯೊಡನೆ ಮನೆ ಮಾಡಿಕೊಂಡಿದ್ದವಳು ಆಕೆ.

ಇನ್ನು ‘ಕ್ಲಾರಿಸಾ’. ಇದಕ್ಕೆ ಕಕ್ಕಡ ಬೇಕು, ಕಕ್ಕಡ ಸಾಲದು. 1747ರ ಡಿಸೆಂಬರ್‌ನಿಂದ 1748ರ ಡಿಸೆಂಬರ್‌ವರೆಗೆ ಏಳು ಸಂಪುಟಗಳಲ್ಲಿ ಬಂದ ಕಾದಂಬರಿ. ಪೆಂಗ್ವಿನ್ ಪ್ರತಿ ಹತ್ತಿರ ಹತ್ತಿರ 1,500 ಪುಟ, 537 ಪತ್ರಗಳು. ಪೂರ್ತಿ ಓದುವ ಛಲ ಇದ್ದವರು ಓದಲಿ. ಲಿಬ್ರಿವಾಕ್ಸ್‌ನಲ್ಲಿ ಧ್ವನಿರೂಪವೂ ಇದೆ, ಮೆಣಸು ಬಿಡಿಸುವಾಗ ಕೇಳಬಹುದು. ಛಲ ಇಲ್ಲದವರು ಕ್ಲಾರಿಸಾ ಮತ್ತು ಅವಳ ಗೆಳತಿ ಆನಾ ಹೌ ಇಬ್ಬರ ನಡುವಿನ ಪತ್ರಗಳನ್ನು ಮಾತ್ರ ಆರಿಸಿ ಓದಿ, ನಡುವೆ ಬರುವ, ಕ್ಲಾರಿಸಾಳನ್ನು ಮೋಸಗೊಳಿಸುವ ಲವ್‌ಲೇಸ್‌ನ ಪತ್ರಗಳಲ್ಲಿ ನಾನು ಹೇಳುವ ಒಂದನ್ನು ಸೇರಿಸಿಕೊಳ್ಳಿ. ಕಥೆ ಮುರಿಯುವುದಿಲ್ಲ.

ಪಹಣಿಯ ಪ್ರಶ್ನೆಯನ್ನು ಇಲ್ಲಿ ಮೊದಲ ಪತ್ರದಿಂದಲೇ ಕೇಳಬೇಕು. ಅಜ್ಜ ತನ್ನ ಎಸ್ಟೇಟನ್ನು ಮಗನಿಗೂ ಮೊಮ್ಮಗನಿಗೂ ಕೊಡದೆ ಮೊಮ್ಮಗಳು ಕ್ಲಾರಿಸಾಳಿಗೆ ಬರೆದಿಟ್ಟು ಸತ್ತಿದ್ದಾನೆ. ಅಣ್ಣ, ಅಕ್ಕ, ದೊಡ್ಡಪ್ಪ ಚಿಕ್ಕಪ್ಪಂದಿರ ಹೊಟ್ಟೆಯುರಿ ಅಲ್ಲಿಂದ ಹೊತ್ತಿಕೊಳ್ಳುತ್ತದೆ. ಜಗಳ ಬೇಡವೆಂದು ಕ್ಲಾರಿಸಾ ಎಸ್ಟೇಟಿನ ಆಡಳಿತವನ್ನು ಅಪ್ಪನ ಕೈಗೆ ಒಪ್ಪಿಸುತ್ತಾಳೆ. ಮನೆಯವರು ಅವಳನ್ನು ಸೋಮ್ಸ್ ಎಂಬ ಅಸಹ್ಯ ಹಣವಂತನಿಗೆ ಕಟ್ಟಲು ನೋಡುತ್ತಾರೆ. ಆನಾ ಪತ್ರದ ಮೇಲೆ ಪತ್ರ ಬರೆದು ಬೇಡಿಕೊಳ್ಳುವುದು ಇಷ್ಟೇ: ನಿನ್ನ ಆಸ್ತಿಯನ್ನು ನೀನು ವಶಕ್ಕೆ ತೆಗೆದುಕೋ, ನಿನ್ನ ಮನೆಯಲ್ಲಿ ನೀನು ಇರು. ಅದು ಆಗದಿದ್ದಾಗ, ನೀನು ಮನೆ ಬಿಡುವುದೇ ಆದರೆ ನಾನೂ ನಿನ್ನ ಜೊತೆ ಬರುತ್ತೇನೆ ಎನ್ನುತ್ತಾಳೆ. ಅಪ್ಪನ ಮೇಲೆ ದಾವೆ ಹೂಡಲು ಕ್ಲಾರಿಸಾಳಿಗೆ ಮನಸ್ಸು ಬರುವುದಿಲ್ಲ. ಗೆಳತಿಯ ಹೆಸರು ಕೆಡುತ್ತದೆಂದು ಅವಳನ್ನು ಕರೆದೊಯ್ಯಲೂ ಒಪ್ಪುವುದಿಲ್ಲ. ಕೊನೆಗೆ ಲವ್‌ಲೇಸ್‌ನ ಮೋಸಕ್ಕೆ ಸಿಕ್ಕಿ ಹೊರಬೀಳುತ್ತಾಳೆ, ಮುಂದಿನದೆಲ್ಲ ನರಕ. ನಮ್ಮ ಕೂಟದಲ್ಲಿ ಆ ಪತ್ರಗಳನ್ನು ಓದಿದ ದಿನ ವ್ಯಾಜ್ಯದ ಗೆಳತಿ ಬಹಳ ಸಿಟ್ಟಾಗಿದ್ದರು. “ಈ ಹುಡುಗಿ ಮೊದಲು ಖಾತೆ ಮಾಡಿಸಿಕೊಳ್ಳಬೇಕಿತ್ತು” ಎಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಮಾಡಿಸಿಕೊಂಡಿದ್ದರೆ ಆ ಇನ್ನೊಬ್ಬಳೂ ಬಂದು ಅವಳ ಜೊತೆಯಲ್ಲೇ ಇರುತ್ತಿದ್ದಳು” ಎಂದರು. ಸಾವಿರದೈನೂರು ಪುಟಗಳ ಕಾದಂಬರಿಯ ಬಗ್ಗೆ ಇದಕ್ಕಿಂತ ನೇರವಾದ ವಿಮರ್ಶೆಯನ್ನು ನಾನು ತರಗತಿಯಲ್ಲಿ ಕೇಳಿದ್ದಿಲ್ಲ.

ಈಗ ನಾನು ಹೇಳಿದ ಆ ಒಂದು ಪತ್ರ. ಕ್ಲಾರಿಸಾಳಿಗೆ ಆನಾ ಬರೆದ ಕಾಗದಗಳನ್ನು ಲವ್‌ಲೇಸ್ ಕದ್ದು ಓದುತ್ತಾನೆ, ತನ್ನ ಬಗ್ಗೆ ಎಲ್ಲೆಲ್ಲಿ ಕಟುವಾದ ಮಾತಿದೆಯೋ ಅಲ್ಲೆಲ್ಲ ಅಂಚಿನಲ್ಲಿ ಬೆರಳು ತೋರುವ ಸಣ್ಣ ಕೈಗಳನ್ನು ಬರೆದು ಸೇಡಿಗೆ ಗುರುತು ಮಾಡಿಕೊಳ್ಳುತ್ತಾನೆ. ರಿಚರ್ಡ್‌ಸನ್ ಸ್ವತಃ ಮುದ್ರಣಾಲಯ ನಡೆಸುತ್ತಿದ್ದವನು, ಆ ಕೈಗಳನ್ನು ಪುಸ್ತಕದಲ್ಲೂ ಅಚ್ಚು ಹಾಕಿಸಿದ್ದಾನೆ. ಹೆಂಗಸರ ಗೆಳೆತನ ಒಬ್ಬ ಗಂಡಸು ಬರುವವರೆಗೆ ಮಾತ್ರ ಎಂದು ಬಾಯಲ್ಲಿ ಹೇಳಿಕೊಳ್ಳುವ ಇದೇ ಲವ್‌ಲೇಸ್ ಆನಾಳ ಕೈಬರಹವನ್ನು ಅನುಕರಿಸಿ ಸುಳ್ಳು ಪತ್ರಗಳನ್ನು ಸೃಷ್ಟಿಸುತ್ತಾನೆ, ಅವಳನ್ನೂ ಅಪಹರಿಸುವ ಯೋಜನೆ ಹೊಸೆಯುತ್ತಾನೆ. ಬೆಲೆಯಿಲ್ಲದ ಗೆಳೆತನಕ್ಕೆ ಇಷ್ಟೊಂದು ಶ್ರಮ ಯಾಕೆ? ಮಿಲೆನಿಯಂ ಹಾಲ್‌ನ ಮೋರ್ಗನ್ನನ ಪಕ್ಕದಲ್ಲಿ ಇವನನ್ನೂ ಕೂರಿಸಿ. ಹೊಟ್ಟೆಕಿಚ್ಚಿನ ಗಂಡಸು ಏನನ್ನು ಕಂಡು ಹೆದರಿದ ಎಂದು ನೋಡುವುದು ಈ ಕಾದಂಬರಿಗಳನ್ನು ಓದುವ ನಂಬಿಕೆಯ ದಾರಿ. ಕಾದಂಬರಿಕಾರ ಹೇಳದೆ ಬಿಟ್ಟದ್ದನ್ನು ಅವನು ಹೇಳಿಬಿಡುತ್ತಾನೆ.

ಕ್ಲಾರಿಸಾ ಸತ್ತ ಮೇಲೆ ಶವಪೆಟ್ಟಿಗೆಯ ಬಳಿಗೆ ಆನಾ ಬರುವ ಪತ್ರವನ್ನು ಕೂಟದಲ್ಲಿ ಗಟ್ಟಿಯಾಗಿ ಓದಿ. ಬರೆದವನು ಕ್ಲಾರಿಸಾಳ ಸಂಬಂಧಿ ಕರ್ನಲ್ ಮಾರ್ಡನ್. ಆನಾ ಆ ತಣ್ಣಗಿನ ಮುಖಕ್ಕೆ ಮತ್ತೆ ಮತ್ತೆ ಮುತ್ತಿಡುವುದನ್ನು ಅವನು ಪಕ್ಕದಲ್ಲಿ ನಿಂತು ನೋಡುತ್ತಾನೆ. ಅವನಿಗೆ ಅದು ಅತಿ ಎನಿಸುವುದಿಲ್ಲ, ವಿಚಿತ್ರವೂ ಎನಿಸುವುದಿಲ್ಲ. ಸಾವಿನ ಮುಂದೆ ಇಷ್ಟಕ್ಕೆ ಆ ಸಮಾಜ ಜಾಗ ಕೊಡುತ್ತಿತ್ತು, ಬದುಕಿದ್ದಾಗ ಒಂದು ಮನೆಗೆ ಜಾಗ ಕೊಡಲಿಲ್ಲ. ಆನಾ ಆಮೇಲೆ ಹಿಕ್‌ಮನ್ ಎಂಬ ಸಾಧು ಮನುಷ್ಯನನ್ನು ಮದುವೆಯಾಗುತ್ತಾಳೆ. ಪುಸ್ತಕದುದ್ದಕ್ಕೂ ಅವನನ್ನು ಗೇಲಿ ಮಾಡುತ್ತಲೇ ಬಂದವಳು ಅವಳು.

ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1788ರಲ್ಲಿ ಪ್ರಕಟಿಸಿದ ‘ಮೇರಿ’ ಒಂದೆರಡು ಸಂಜೆಗೆ ಮುಗಿಯುತ್ತದೆ. ಆಸ್ತಿಯ ಒಂದು ತುಂಡಿಗಾಗಿ ಎರಡು ಮನೆತನಗಳ ನಡುವೆ ವ್ಯಾಜ್ಯ, ರಾಜಿಯ ರೂಪದಲ್ಲಿ ಮಕ್ಕಳ ಮದುವೆ; ಸಾಯುತ್ತಿರುವ ತಾಯಿಯ ಹಾಸಿಗೆಯ ಪಕ್ಕದಲ್ಲೇ ಮೇರಿಗೆ ತಾಳಿ ಕಟ್ಟಿಸಿದಂತೆ ಮದುವೆ ಮುಗಿಸುತ್ತಾರೆ. ಗಂಡ ಪರದೇಶಕ್ಕೆ ಹೋಗುತ್ತಾನೆ. ಮೇರಿಯ ಮನಸ್ಸೆಲ್ಲ ಆನ್ ಎಂಬ ಬಡ ಗೆಳತಿಯ ಮೇಲೆ, ಆ ಗೆಳತಿಗೆ ಕ್ಷಯ. ಆರೋಗ್ಯಕ್ಕಾಗಿ ಅವಳನ್ನು ಲಿಸ್ಬನ್‌ಗೆ ಕರೆದೊಯ್ಯುತ್ತಾಳೆ, ಆನ್ ಅಲ್ಲಿ ಸಾಯುತ್ತಾಳೆ. ಮೇರಿಯ ಸ್ನೇಹ ಅನುರಾಗವನ್ನೇ ಹೋಲುತ್ತಿತ್ತು ಎಂದು ಲೇಖಕಿಯೇ ಬರೆದಿದ್ದಾಳೆ. ಆನ್‌ಳ ಕಡೆಯಿಂದ ಅಷ್ಟು ಬಿಸಿ ಇರಲಿಲ್ಲ ಎಂಬುದನ್ನೂ ಮುಚ್ಚಿಟ್ಟಿಲ್ಲ. ಒಂದೇ ಕಡೆಯ ಪ್ರೀತಿಯನ್ನು ಇಷ್ಟು ಪ್ರಾಮಾಣಿಕವಾಗಿ ಬರೆದವರು ಕಡಿಮೆ. ಹಿಂದೆ ಒಂದು ನಿಜ ಸಾವಿದೆ: ವುಲ್‌ಸ್ಟನ್‌ಕ್ರಾಫ್ಟ್‌ಳ ಗೆಳತಿ ಫ್ಯಾನಿ ಬ್ಲಡ್ 1785ರಲ್ಲಿ ಲಿಸ್ಬನ್ನಿನಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು, ಇವಳು ಹಡಗು ಹತ್ತಿ ಅವಳ ಬಳಿಗೆ ಹೋಗಿದ್ದಳು. ಕಾದಂಬರಿಯಲ್ಲಿ ಆಮೇಲೆ ಹೆನ್ರಿ ಎಂಬ ಗಂಡಸೂ ಬರುತ್ತಾನೆ, ಅವನೂ ಸಾಯುತ್ತಾನೆ. ಕೊನೆಯ ಪುಟಗಳನ್ನು ತಪ್ಪಿಸಬೇಡಿ. ಗಂಡ ಕೈ ಹಿಡಿದರೆ ಮೇರಿಗೆ ಹೊಟ್ಟೆ ತೊಳಸಿದಂತಾಗುತ್ತದೆ, ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ. ಅವಳು ಎಸ್ಟೇಟನ್ನು ಸಣ್ಣ ಸಣ್ಣ ಹಿಡುವಳಿಗಳಾಗಿ ಹಂಚುತ್ತಾಳೆ, ಮದುವೆಯೇ ಇಲ್ಲದ ಲೋಕಕ್ಕೆ ಹೋಗುವ ದಿನಕ್ಕಾಗಿ ಕಾಯುತ್ತಾಳೆ.

ಪ್ರೀತಿಯಿಂದ ಬರೆದವು ಇಷ್ಟು. ಅಪಹಾಸ್ಯ ಮಾಡಲು ಬರೆದವು ಇನ್ನೊಂದು ರಾಶಿ ಇದೆ, ಅವನ್ನು ಬೇರೆ ಕಣ್ಣಿನಿಂದ ಓದಬೇಕು. ರಿಚರ್ಡ್‌ಸನ್ನನದೇ ‘ಪಮೇಲಾ’ದಲ್ಲಿ (1740) ಯಜಮಾನ ಕೂಡಿಹಾಕಿದ ಹುಡುಗಿಯ ಮೇಲೆ ಕಾವಲಿಗಿರುವ ಮಿಸೆಸ್ ಜ್ಯೂಕ್ಸ್ ಅವಳಿಗೆ ಮುತ್ತಿಡುತ್ತಾಳೆ, ಇಬ್ಬರು ಹೆಂಗಸರು ನಡೆದುಕೊಳ್ಳುವ ರೀತಿ ಇದಲ್ಲ ಎಂದು ಪಮೇಲಾ ಸಿಡುಕುತ್ತಾಳೆ. ಜ್ಯೂಕ್ಸ್‌ಳನ್ನು ಬಣ್ಣಿಸುವಾಗ ದಪ್ಪ ಮೈ, ಗಂಡಸಿನಂತಹ ಒಡಕು ದನಿ. ಹದಿಮೂರು ವರ್ಷದ ಬಳಿಕ ಬಂದ ಅವನದೇ ‘ಗ್ರಾಂಡಿಸನ್’ನಲ್ಲಿ ಮಿಸ್ ಬಾರ್ನೆವೆಲ್ಟ್, ಗಂಡು ಮುಖ, ಗಂಡು ಮನಸ್ಸು, ನಾಯಕಿಯನ್ನು ಬರಸೆಳೆಯುವ ಗಂಡು ತೋಳು. ಮರಾಯಾ ಎಜ್‌ವರ್ತ್‌ಳ ‘ಬೆಲಿಂಡಾ’ದಲ್ಲಿ (1801) ಗಂಡುಡುಗೆ ತೊಟ್ಟು ತಿರುಗುವ ಹ್ಯಾರಿಯಟ್ ಫ್ರೀಕ್, ಅವಳ ಕಾಲು ಕಳ್ಳರಿಗೆಂದು ತೋಟದಲ್ಲಿ ಇಟ್ಟ ಕಬ್ಬಿಣದ ಬೋನಿಗೆ ಸಿಕ್ಕಿ ಗಾಯವಾಗುತ್ತದೆ, ಇನ್ನು ಅವಳು ಗಂಡುಡುಗೆ ತೊಟ್ಟು ಮೆರೆಯುವಂತಿಲ್ಲ ಎಂದು ಕಾದಂಬರಿ ಸಮಾಧಾನಪಟ್ಟುಕೊಳ್ಳುತ್ತದೆ. ಹಂದಿಗೆ ಉರುಳು ಇಡುವ ನಮ್ಮ ಕಡೆಯವರಿಗೂ ಇದು ಕ್ರೂರ ಎನ್ನಿಸಿತು. ಇಂಥ ಕಡೆ ಕೇಳಬೇಕಾದದ್ದು: ಓದುಗರಿಗೆ ಮೊದಲೇ ಗುರುತು ಇಲ್ಲದಿದ್ದರೆ ಈ ಹಾಸ್ಯ ಹೇಗೆ ನಾಟುತ್ತಿತ್ತು? ಅಂಥ ಹೆಣ್ಣುಗಳು ಇದ್ದಾರೆಂದು 1740ರ ಓದುಗನಿಗೆ ಗೊತ್ತಿತ್ತು. ಅವರು ಸುಖವಾಗಿ ಬಾಳಬಹುದೆಂದು ಒಪ್ಪಿಕೊಳ್ಳಲು ಮಾತ್ರ ಲೇಖಕರು ಸಿದ್ಧರಿರಲಿಲ್ಲ. ಹೆನ್ರಿ ಫೀಲ್ಡಿಂಗ್ 1746ರಲ್ಲಿ ಹೆಸರಿಲ್ಲದೆ ಬರೆದ ‘ದ ಫೀಮೇಲ್ ಹಸ್ಬೆಂಡ್’ ಎಂಬ ಕಿರುಹೊತ್ತಗೆಯೂ ಇದೇ ರಾಶಿಗೆ ಸೇರುತ್ತದೆ. ಗಂಡಸಿನ ವೇಷದಲ್ಲಿ ಮೇರಿ ಪ್ರೈಸ್ ಎಂಬವಳನ್ನು ಮದುವೆಯಾದ ಮೇರಿ ಹ್ಯಾಮಿಲ್ಟನ್‌ಳ ನಿಜ ಪ್ರಕರಣ ಅದು. ಆರು ತಿಂಗಳ ಸೆರೆ, ನಾಲ್ಕು ಪಟ್ಟಣಗಳಲ್ಲಿ ಛಡಿಯೇಟು. ಅವಳ ಅಪರಾಧಕ್ಕೆ ನೇರವಾದ ಕಾನೂನು ಇರಲಿಲ್ಲವೆಂದು ಅಲೆಮಾರಿಗಳ ಮೇಲಿನ ಕಾನೂನಿನಡಿ ಶಿಕ್ಷಿಸಿದರು. ಫೀಲ್ಡಿಂಗ್ ಸೇರಿಸಿದ ವಿವರಗಳಲ್ಲಿ ಬಹುಪಾಲು ಅವನ ಕಲ್ಪನೆ, ಆದ್ದರಿಂದ ಅದನ್ನು ಇತಿಹಾಸವೆಂದು ಓದಬೇಡಿ. ಜಾನ್ ಕ್ಲೀಲೆಂಡ್‌ನ ಅಶ್ಲೀಲ ಕಾದಂಬರಿಯಲ್ಲೂ (1748–49) ಈ ವಿಷಯ ಬರುತ್ತದೆ. ಗಂಡಸರ ಚಪಲಕ್ಕಾಗಿ ಬರೆದದ್ದು, ಬಿಟ್ಟರೆ ನಷ್ಟವಿಲ್ಲ.

ಯಜಮಾನಿ ಮತ್ತು ಕೆಲಸದವಳ ನಡುವೆ ಇರುವುದನ್ನು ಓದಲು ಡೀಫೋನ ‘ರೊಕ್ಸಾನಾ’ (1724) ಬೇಕು. ಗಂಡ ಬಿಟ್ಟು ಹೋಗಿ ಮನೆಯಲ್ಲಿ ಅನ್ನಕ್ಕೂ ಗತಿಯಿಲ್ಲದಾಗ ಕೆಲಸದವಳು ಏಮಿ ಸಂಬಳವಿಲ್ಲದೆ ಉಳಿಯುತ್ತಾಳೆ. ಮುಂದೆ ರೊಕ್ಸಾನಾ ಬಂದ ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ದಾಟಿ ಹೋಗುತ್ತಾಳೆ, ಏಮಿ ಮಾತ್ರ ಜೊತೆಗಿರುತ್ತಾಳೆ. ಆದರೆ ಒಂದು ರಾತ್ರಿ ಇದೇ ರೊಕ್ಸಾನಾ ಏಮಿಯ ಬಟ್ಟೆ ಕಳಚಿ ತನ್ನ ಗಂಡಸಿನ ಹಾಸಿಗೆಗೆ ನೂಕುತ್ತಾಳೆ. ಆ ಪುಟದ ಬಗ್ಗೆ ನಮ್ಮಲ್ಲಿ ಜೋರು ವಾದ ನಡೆಯಿತು. ಇದರಲ್ಲಿ ಬಯಕೆ ಯಾರಿಂದ ಯಾರಿಗೆ ಎಂದು ಬಿ.ಎ. ಹುಡುಗಿ ಲೆಕ್ಕ ಹಾಕುತ್ತಿದ್ದಳು. ರೈಟರ್‌ ಹೆಂಡತಿ, ಕೂಲಿಯವರ ಲೈನ್ ಮನೆ ಹೆಂಗಸರ ಕಷ್ಟಸುಖ ದಿನವೂ ಕೇಳುವವರು, ತಡೆದು ಹೇಳಿದರು: “ಮೊದಲು ಏಮಿ ಬೇಡ ಎನ್ನಬಹುದಿತ್ತೇ ಎಂದು ಕೇಳು.” ಆ ಪ್ರಶ್ನೆಯನ್ನು ಬಿಟ್ಟು ಈ ಕಾದಂಬರಿ ಓದಬೇಡಿ. ಕೊನೆಯಲ್ಲಿ ರೊಕ್ಸಾನಾಳ ಗುಟ್ಟು ಕಾಯಲು ಏಮಿ ಅವಳ ಮಗಳನ್ನೇ ಕೊಂದಂತೆ ಕಾಣುತ್ತದೆ. ಏಮಿಯನ್ನು ಅಟ್ಟಿದ ಮೇಲೆ ರೊಕ್ಸಾನಾಗೆ ಬಲಗೈ ಹೋದಂತಾಗುತ್ತದೆ.

ಓದಿನ ನಡುವೆ ಯಾರಾದರೂ “ಇದೆಲ್ಲ ಆ ಪಾಶ್ಚಾತ್ಯರದ್ದು, ನಮ್ಮಲ್ಲಿ ಇರಲಿಲ್ಲ” ಎಂದೇ ಎನ್ನುತ್ತಾರೆ. ಆಗ ಎಡಿನ್‌ಬರೊ ಮೊಕದ್ದಮೆಯ ಕಥೆ ಹೇಳಿ. 1810ರಲ್ಲಿ ಅಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದ ಮೇರಿಯನ್ ವುಡ್ಸ್ ಮತ್ತು ಜೇನ್ ಪೈರಿ ಎಂಬ ಇಬ್ಬರು ಅಧ್ಯಾಪಕಿಯರ ನಡುವೆ ಕಾಮಸಂಬಂಧ ಇದೆ ಎಂದು ಒಬ್ಬ ವಿದ್ಯಾರ್ಥಿನಿ ದೂರಿದಳು. ಅವಳ ಅಜ್ಜಿ ಲೇಡಿ ಕಮಿಂಗ್ ಗಾರ್ಡನ್ ಉಳಿದ ಪೋಷಕರಿಗೂ ತಿಳಿಸಿ ಶಾಲೆ ಮುಚ್ಚಿಸಿದಳು. ಅಧ್ಯಾಪಕಿಯರು ಮಾನನಷ್ಟದ ದಾವೆ ಹೂಡಿದರು. ಆ ವಿದ್ಯಾರ್ಥಿನಿ ಜೇನ್ ಕಮಿಂಗ್ ಭಾರತದಲ್ಲಿ ಹುಟ್ಟಿದವಳು, ತಾಯಿ ಭಾರತೀಯಳು. ಬ್ರಿಟನ್ನಿನ ಹೆಣ್ಣುಗಳಿಗೆ ಇಂಥದ್ದು ತಿಳಿದಿರಲಾರದು, ಈ ಹುಡುಗಿ ಭಾರತದ ಆಳುಗಳಿಂದ ಕೇಳಿಕೊಂಡು ಬಂದಿರಬೇಕು ಎಂಬ ವಾದ ನ್ಯಾಯಾಧೀಶರ ನಡುವೆಯೇ ನಡೆಯಿತು. ಕೊನೆಗೆ 1819ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅಧ್ಯಾಪಕಿಯರ ಪರ ನಿಂತಿತು. ಅಂದು ಬ್ರಿಟಿಷರು ಇದು ನಿಮ್ಮದು ಎಂದರು, ಈಗ ನಾವು ಇದು ನಿಮ್ಮದು ಎನ್ನುತ್ತಿದ್ದೇವೆ. 1860ರ ದಂಡಸಂಹಿತೆಯ 377ನೇ ಕಲಮನ್ನು ಇಲ್ಲಿಗೆ ತಂದವರೂ ಅವರೇ. ವಯಸ್ಕರ ಒಪ್ಪಿತ ಸಲಿಂಗ ಸಂಬಂಧವನ್ನು ಅದರಿಂದ ನಮ್ಮ ಸುಪ್ರೀಂ ಕೋರ್ಟ್ ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು.

ಕಾದಂಬರಿಗಳ ಪಕ್ಕದಲ್ಲಿ ಎರಡು ನಿಜ ಬದುಕುಗಳನ್ನು ಇಟ್ಟುಕೊಳ್ಳಿ, ಲೆಕ್ಕ ತಾಳೆ ನೋಡಲು ಬೇಕಾಗುತ್ತದೆ. ಎಲೆನರ್ ಬಟ್ಲರ್ ಮತ್ತು ಸಾರಾ ಪಾನ್‌ಸನ್‌ಬಿ 1778ರಲ್ಲಿ ಐರ್ಲೆಂಡಿನ ಮನೆಗಳನ್ನು ಬಿಟ್ಟು ಹೊರಟು, ವೇಲ್ಸ್‌ನ ಲ್ಯಾಂಗೊಲೆನ್‌ನಲ್ಲಿ ಸುಮಾರು ಐವತ್ತು ವರ್ಷ ಜೊತೆಯಲ್ಲಿ ಬಾಳಿದರು. ಸಾಲ ಬೆನ್ನು ಬಿಡಲಿಲ್ಲ, ಆದರೂ ಮನೆ ಉಳಿಯಿತು. ಅವರ ಕೆಲಸದವಳು ಮೇರಿ ಕ್ಯಾರಿಲ್ ಕೂಡ ಅವರ ಸಮಾಧಿಯಲ್ಲೇ ಇದ್ದಾಳೆ. ಇನ್ನೊಬ್ಬಳು ಹ್ಯಾಲಿಫ್ಯಾಕ್ಸ್‌ನ ಆನ್ ಲಿಸ್ಟರ್ (1791–1840). ತೋಟ ನಡೆಸುವವರಿಗೆ ಇವಳು ಬಹಳ ಹಿಡಿಸುತ್ತಾಳೆ: ಶಿಬ್ಡನ್ ಹಾಲ್ ಎಸ್ಟೇಟ್ ತನ್ನ ಕೈಗೆ ಬಂದ ಮೇಲೆ ಗೇಣಿ, ಮರ, ಕಲ್ಲಿದ್ದಲು ಎಲ್ಲವನ್ನೂ ತಾನೇ ನೋಡಿಕೊಂಡವಳು. ಲಕ್ಷಗಟ್ಟಲೆ ಪದಗಳ ದಿನಚರಿಯಲ್ಲಿ ಸುಮಾರು ಆರನೇ ಒಂದು ಭಾಗವನ್ನು ಗ್ರೀಕ್ ಅಕ್ಷರ, ಬೀಜಗಣಿತದ ಚಿಹ್ನೆ ಸೇರಿಸಿದ ಗುಪ್ತಲಿಪಿಯಲ್ಲಿ ಬರೆದಳು, ಹೆಣ್ಣುಗಳೊಡನೆ ತನ್ನ ಸಂಬಂಧಗಳೆಲ್ಲ ಅಲ್ಲಿವೆ. 1834ರ ಈಸ್ಟರ್‌ನಲ್ಲಿ ಯಾರ್ಕ್‌ನ ಒಂದು ಚರ್ಚಿನಲ್ಲಿ ಆನ್ ವಾಕರ್‌ಳ ಜೊತೆ ಪ್ರಭುಭೋಜನ (ಕ್ರೈಸ್ತರ ರೊಟ್ಟಿ-ದ್ರಾಕ್ಷಾರಸದ ಸಂಸ್ಕಾರ) ಸ್ವೀಕರಿಸಿ, ಅದನ್ನೇ ತಮ್ಮ ಮದುವೆ ಎಂದು ಎಣಿಸಿದಳು. ಆ ಕಾಲದವರಿಗೆ ಮೈಯ ಬಯಕೆ ಗೊತ್ತೇ ಇರಲಿಲ್ಲ ಎನ್ನುವವರಿಗೆ ಈ ದಿನಚರಿಯ ಎರಡು ಪುಟ ಸಾಕು.

ಟಿಪ್ಪಣಿಗೆ ಉದ್ದ ಗೆರೆಯ ಲೆಕ್ಕದ ಪುಸ್ತಕ ಅನುಕೂಲ. ಎಡಪುಟದಲ್ಲಿ ಮನೆ, ಹಣ, ಕೆಲಸದವರು, ಯಾರ ಪತ್ರ ಯಾರ ಕೈಗೆ ಸಿಕ್ಕಿತು ಎಂಬುದು. ಬಲಪುಟದಲ್ಲಿ ಮುತ್ತು, ಕಣ್ಣೀರು, ಹೊಟ್ಟೆಕಿಚ್ಚು, ಅಗಲಿಕೆ. ಬಲಪುಟ ತುಂಬಿದ ಕಡೆಯಲ್ಲೆಲ್ಲ ಎಡಪುಟವನ್ನು ನೋಡಿ.

ಕೂಟ ಮಾಡುವವರಿಗೆ ಒಂದು ಕಟ್ಟುನಿಟ್ಟು: ಓದುವಾಗ ಊರಿನ ಯಾರ ಹೆಸರೂ ಬರಕೂಡದು. ನಮ್ಮದು ಎಲ್ಲರಿಗೂ ಎಲ್ಲರ ಮನೆಹೆಸರು ಗೊತ್ತಿರುವ ಜಿಲ್ಲೆ. ಇಂಥವರ ಮನೆಯ ಆ ಇಬ್ಬರು ಹೆಂಗಸರು ಕೂಡ ಹಾಗೆಯೇ ಅಲ್ಲವೇ ಎಂದು ಯಾರಾದರೂ ಶುರು ಮಾಡಿದರೆ ಪುಸ್ತಕ ಮುಚ್ಚಿ ಕಾಫಿ ಇಡಿ. ಹಾಗೆಯೇ, ಒಬ್ಬರು ತಮ್ಮದೇ ಮಾತು ಹೇಳಲು ಬಾಯಿ ತೆರೆದರೆ ಪುಸ್ತಕ ಮುಚ್ಚಿ ಕೇಳಿ, ಮನೆಗೆ ಹೋದ ಮೇಲೆ ಗಂಡನಿಗೂ ಹೇಳಬೇಡಿ.

ಕೊನೆಯದಾಗಿ, ‘ಗ್ರಾಂಡಿಸನ್’ ಏಳು ಸಂಪುಟಗಳನ್ನು ಕಂಡು ಹೆದರಬೇಡಿ. ಬಾರ್ನೆವೆಲ್ಟ್ ಬರುವುದು ಮೊದಲ ಸಂಪುಟದ ಆರಂಭದ ಪತ್ರಗಳಲ್ಲೇ. ತನ್ನನ್ನು ನೋಡಿದವರೆಲ್ಲ ತನ್ನ ಬಗ್ಗೆ ಏನು ಬರೆದಾರು ಎಂದು ನಾಯಕಿ ಊಹಿಸಿ ಬರೆಯುವಾಗ ಬಾರ್ನೆವೆಲ್ಟ್‌ಳ ಕಡೆಯಿಂದಲೂ ಒಂದು ಪತ್ರ ಕಲ್ಪಿಸುತ್ತಾಳೆ. ಒಬ್ಬ ಹೆಣ್ಣಿನ ಕಣ್ಣಿಗೆ ತಾನು ಎಷ್ಟು ಚೆಲುವೆಯಾಗಿ ಕಂಡಿರಬಹುದೆಂದು ಆಕೆ ಖುಷಿಯಾಗಿ ಬರೆದುಕೊಳ್ಳುವ ಆ ಭಾಗ ಓದಿ, ಉಳಿದ ಆರು ಸಂಪುಟ ಬಿಟ್ಟುಬಿಡಿ.